ಶಾಲೆ ಬಿಟ್ಟ ಮೇಲಿನ ಎರಡು ಗಂಟೆ: ಮಕ್ಕಳ ಸಾಮಾಜಿಕ ಆರೋಗ್ಯ

ಆರೋಗ್ಯವೆಂಬ ಮಾತನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಜ್ವರ, ಕೆಮ್ಮು, ರಕ್ತದೊತ್ತಡ, ಮಧುಮೇಹ ಮುಂತಾದ ರೋಗಗಳ ನೆನಪು. ಇವು ಇಲ್ಲದಿದ್ದರೆ ಆರೋಗ್ಯವಿದೆಯೆಂದು ನಾವು ಸಮಾಧಾನಪಡುತ್ತೇವೆ. ಆದರೆ 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು, ಆರೋಗ್ಯವೆಂದರೆ ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಸುಸ್ಥಿತಿಯೆಂದೂ ಕೇವಲ ರೋಗವಿಲ್ಲದಿರುವುದು ಆರೋಗ್ಯವಲ್ಲವೆಂದೂ ನಿರೂಪಿಸಿದೆ. ಈ ಮೂರರಲ್ಲಿ ದೇಹದ ಆರೋಗ್ಯಕ್ಕಾಗಿ ನಾವು ವೈದ್ಯರಲ್ಲಿಗೆ ಹೋಗುತ್ತೇವೆ. ಮನಸ್ಸಿನ ಆರೋಗ್ಯದ ವಿಷಯದಲ್ಲಿ ಈಚೆಗೆ ಸ್ವಲ್ಪ ಎಚ್ಚರ ಮೂಡಿದೆ. ಸಾಮಾಜಿಕ ಆರೋಗ್ಯವು ಮಾತ್ರ ವಯಸ್ಸಿನೊಡನೆ ತಾನಾಗಿಯೇ ಬರುವುದೆಂದು ನಂಬಿ ಅದರ ಗೊಡವೆಯನ್ನೇ ಬಿಟ್ಟಿದ್ದೇವೆ.

ಹಿಂದೆ ಅದು ತಾನಾಗಿಯೇ ಬರುತ್ತಿದ್ದುದುಂಟು. ಶಾಲೆ ಬಿಟ್ಟ ಮೇಲೆ ಚೀಲವನ್ನು ಮೂಲೆಗೆ ಎಸೆದು ಬೀದಿಗೆ ಓಡಿದ ಮಗು ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳುತ್ತಿತ್ತು. ನಡುವಣ ಆ ಎರಡು ಮೂರು ಗಂಟೆಗಳಲ್ಲಿ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಮರಕೋತಿ ಆಟಗಳ ಮೂಲಕ ಅದು ಕಲಿಯುತ್ತಿದ್ದ ಪಾಠವು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ತನ್ನ ಸರದಿಗಾಗಿ ಕಾಯುವುದು, ಸೋತಾಗ ಅಳದಿರುವುದು, ಗೆದ್ದಾಗ ಹಂಗಿಸದಿರುವುದು, ಜಗಳವಾಡಿದವನೊಡನೆ ಮರುದಿನ ಮತ್ತೆ ಕೂಡುವುದು, ಚಿಕ್ಕವರಿಗೆ ವಿನಾಯಿತಿ ಕೊಡುವುದು ಇವೆಲ್ಲವೂ ಅಲ್ಲಿಯೇ ಆಗುತ್ತಿದ್ದವು. ಇಂದು ಆ ಹೊತ್ತು ಏನಾಗಿದೆ, ಅದನ್ನು ಮಕ್ಕಳಿಗೆ ಮರಳಿ ಕೊಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಬೀದಿಯಿಂದ ಮರೆಯಾದ ಸಂಜೆ

ನಗರಗಳಲ್ಲಿ ಬೀದಿಗಳು ವಾಹನಗಳ ಪಾಲಾಗಿವೆ. ಖಾಲಿ ನಿವೇಶನಗಳಲ್ಲಿ ಮನೆಗಳೆದ್ದಿವೆ. ಹಳ್ಳಿಗಳಲ್ಲಿ ಬಯಲಿದ್ದರೂ ಮಕ್ಕಳು ದೂರದ ಶಾಲೆಗಳಿಂದ ವ್ಯಾನಿನಲ್ಲಿ ಮರಳುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ತಂದೆ ತಾಯಿಯರಿಬ್ಬರೂ ದುಡಿಯುವ ಮನೆಗಳಲ್ಲಿ ಮಗು ಬೀಗ ತೆರೆದು ಒಳಹೊಕ್ಕು ಒಂಟಿಯಾಗಿ ಕುಳಿತಿರುತ್ತದೆ. ಅನುಕೂಲಸ್ಥರ ಮಕ್ಕಳು ಶಾಲೆಯಿಂದ ನೇರವಾಗಿ ಟ್ಯೂಷನ್ನಿಗೆ ಹೋಗುತ್ತಾರೆ. ಉಳಿದ ಹೊತ್ತನ್ನು ಮೊಬೈಲ್ ನುಂಗುತ್ತದೆ. ಒಬ್ಬನೇ ಮಗನೋ ಒಬ್ಬಳೇ ಮಗಳೋ ಇರುವ ಮನೆಗಳು ಹೆಚ್ಚಾಗಿರುವುದರಿಂದ, ಹಂಚಿಕೊಳ್ಳುವ ಪ್ರಸಂಗವು ಮನೆಯೊಳಗೂ ಬರುವುದು ವಿರಳ.

ಇದರ ಪರಿಣಾಮವು ಒಮ್ಮೆಲೇ ಕಾಣುವುದಿಲ್ಲ. ಅಂಕಪಟ್ಟಿ ಚೆನ್ನಾಗಿಯೇ ಇರಬಹುದು. ಆದರೆ ಪಿಯುಸಿಗೆಂದು ವಸತಿನಿಲಯಕ್ಕೆ ಹೋದ ಹುಡುಗನು ಕೊಠಡಿಯ ಸಹಪಾಠಿಯೊಡನೆ ಹೊಂದಿಕೊಳ್ಳಲಾರದೆ ಮರಳಿ ಬಂದಾಗ, ಒಂದು ಸಣ್ಣ ಸೋಲಿಗೆ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಮಾತು ಬಿಟ್ಟಾಗ, ನಾವು ಕಾರಣವನ್ನು ದೂರದಲ್ಲಿ ಹುಡುಕುತ್ತೇವೆ. ಜನರೊಡನೆ ಬಾಳುವ ಅಭ್ಯಾಸಕ್ಕೆ ಬೇಕಾಗಿದ್ದ ಸಂಜೆಗಳು ಆ ಮಕ್ಕಳಿಗೆ ದೊರೆತಿದ್ದವೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಡಿಮೆ.

ಸಾಮಾಜಿಕ ಬೆಳವಣಿಗೆ ಎಂದರೇನು?

ಸಾಮಾಜಿಕ ಬೆಳವಣಿಗೆಯೆಂದರೆ ಮಗು ಮಾತುಗಾರನಾಗುವುದಲ್ಲ. ಬಂದವರೆದುರು ಹಾಡು ಹೇಳುವುದೂ ಅಲ್ಲ. ಇತರರಿಗೂ ತನ್ನಂತೆಯೇ ಮನಸ್ಸಿದೆಯೆಂದು ಅರಿಯುವುದು, ತನ್ನ ಸಿಟ್ಟನ್ನು ತಾನೇ ಹಿಡಿಯುವುದು, ಒಪ್ಪಿಕೊಂಡ ನಿಯಮಕ್ಕೆ ಯಾರೂ ನೋಡದಿದ್ದಾಗಲೂ ಬದ್ಧವಾಗಿರುವುದು, ಬೇಡವಾದುದಕ್ಕೆ ಬೇಡವೆನ್ನುವುದು, ನೆರವು ಬೇಕಾದಾಗ ಸಂಕೋಚವಿಲ್ಲದೆ ಕೇಳುವುದು ಇವು ಅದರ ಮುಖ್ಯ ಅಂಗಗಳು. ಶಾಂತ ಸ್ವಭಾವದ, ಮಿತಭಾಷಿಯಾದ ಮಗುವಿನಲ್ಲಿಯೂ ಇವೆಲ್ಲವೂ ಚೆನ್ನಾಗಿ ಬೆಳೆಯಬಲ್ಲವು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಈ ವಿಷಯವನ್ನು ಅರಿಯಲು ಮಕ್ಕಳು ಗೋಲಿಯಾಡುವುದನ್ನು ಗಮನಿಸಿದರು. ಆಟದ ನಿಯಮಗಳನ್ನು ಮಕ್ಕಳಿಂದಲೇ ಕೇಳಿ ತಿಳಿದು 1932ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ತೀರ ಚಿಕ್ಕ ಮಕ್ಕಳು ಒಟ್ಟಿಗೆ ಕುಳಿತಿದ್ದರೂ ಪ್ರತಿಯೊಬ್ಬರೂ ತಮ್ಮದೇ ಆಟವನ್ನು ಆಡುತ್ತಿರುತ್ತಾರೆ. ನಿಯಮವೆಂಬುದು ಹಿರಿಯರು ವಿಧಿಸಿದ, ಮುಟ್ಟಲಾಗದ ಕಟ್ಟಳೆಯೆಂದು ಅವರ ಭಾವನೆ. ಏಳೆಂಟು ವರ್ಷಗಳಾದ ಮೇಲೆ ಎಲ್ಲರಿಗೂ ಒಂದೇ ನಿಯಮ ಬೇಕೆಂಬ ಅರಿವು ಮೂಡುತ್ತದೆ. ಹನ್ನೊಂದು ಹನ್ನೆರಡರ ಸುಮಾರಿಗೆ, ನಿಯಮವೆಂದರೆ ನಾವೆಲ್ಲ ಸೇರಿ ಒಪ್ಪಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದಾದದ್ದು ಎಂಬ ತಿಳಿವಳಿಕೆ ಬರುತ್ತದೆ. ಈ ಬದಲಾವಣೆಗೆ ಹಿರಿಯರ ಉಪದೇಶಕ್ಕಿಂತ ಸಮಾನರ ನಡುವಣ ವಾದ, ಒಪ್ಪಂದ, ಸಹಕಾರಗಳೇ ಮುಖ್ಯ ಕಾರಣವೆಂಬುದು ಪಿಯಾಜೆಯವರ ನಿಲುವು. ನ್ಯಾಯಬುದ್ಧಿಯ ಮೊದಲ ಪಾಠಶಾಲೆ ಗೋಲಿಯ ಅಂಗಳವೆಂದರೆ ತಪ್ಪಾಗಲಾರದು.

ತರಗತಿಯೊಂದೇ ಏಕೆ ಸಾಲದು?

ಶಾಲೆಯಲ್ಲಿ ನೂರಾರು ಮಕ್ಕಳ ನಡುವೆ ಇರುವ ಮಗುವಿಗೆ ಮತ್ತೊಂದು ಕೂಟ ಏಕೆಂದು ಕೆಲವರು ಕೇಳಬಹುದು. ತರಗತಿಯಲ್ಲಿ ಮಕ್ಕಳು ಒಟ್ಟಿಗೆ ಇರುತ್ತಾರೆಯೇ ಹೊರತು ಒಟ್ಟಿಗೆ ಕೆಲಸ ಮಾಡುವ ಅವಕಾಶ ಸ್ವಲ್ಪವೇ. ಎಲ್ಲರೂ ಒಂದೇ ವಯಸ್ಸಿನವರು. ಎಲ್ಲರ ಮುಖವೂ ಶಿಕ್ಷಕರ ಕಡೆಗೆ. ಪ್ರತಿಯೊಬ್ಬರ ಉತ್ತರಕ್ಕೂ ಬೇರೆ ಬೇರೆ ಅಂಕ. ಪಾಠ ಮುಗಿಸಲು ಇದು ಬೇಕಾದ ಏರ್ಪಾಡೇ ಆಗಿದೆ. ಆದರೆ ಒಬ್ಬರ ತಪ್ಪನ್ನು ಮತ್ತೊಬ್ಬರು ಸರಿದೂಗಿಸುವ, ಹಿರಿಯ ಮಗುವು ಕಿರಿಯ ಮಗುವಿನ ಕೈಹಿಡಿದು ಕಲಿಸುವ ಸಂದರ್ಭಗಳಿಗೆ ಅದರಲ್ಲಿ ಎಡೆ ಕಡಿಮೆ.

ನಮ್ಮ ಖೋ ಖೋ ಆಟವನ್ನು ನೋಡಿರಿ. ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಸಾಲಾಗಿ, ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ಓಡುವವನು ಒಮ್ಮೆ ಹಿಡಿದ ದಿಕ್ಕನ್ನು ಬಿಟ್ಟು ಹಿಂದೆ ತಿರುಗುವಂತಿಲ್ಲ. ಕುಳಿತವರ ನಡುವೆ ನುಸುಳುವಂತಿಲ್ಲ. ಎಷ್ಟೇ ಚುರುಕಿನವನಾದರೂ ತಕ್ಕ ಹೊತ್ತಿನಲ್ಲಿ ಸಂಗಡಿಗನ ಬೆನ್ನು ಮುಟ್ಟಿ ಖೋ ಕೊಟ್ಟು ತಾನು ಕುಳಿತುಕೊಳ್ಳಲೇಬೇಕು. ತನ್ನ ಓಟವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದರಿಂದಲೇ ತಂಡ ಗೆಲ್ಲುತ್ತದೆ ಎಂಬುದನ್ನು ಮಗುವು ಇಲ್ಲಿ ಮೈಯಿಂದಲೇ ಕಲಿಯುತ್ತದೆ. ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇಂತಹ ಆಟಗಳಿಂದಲೇ ನೆರವೇರುತ್ತದೆ.

ಸ್ಕೌಟ್ ಪದ್ಧತಿಯ ಬುನಾದಿಯೂ ಇದೇ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲಿ ಸಿರಿವಂತರ ಮಕ್ಕಳನ್ನೂ ದುಡಿಮೆಗಾರರ ಮಕ್ಕಳನ್ನೂ ಬೆರೆಸಿ ನಾಲ್ಕು ಚಿಕ್ಕ ಗುಂಪುಗಳನ್ನು ಮಾಡಿದ್ದರು. ಇಂದಿಗೂ ಆರರಿಂದ ಎಂಟು ಮಕ್ಕಳ ಗುಂಪಿಗೆ ಅವರಲ್ಲಿಯೇ ಒಬ್ಬರು ನಾಯಕರಾಗುವುದು ಆ ಪದ್ಧತಿಯ ಮುಖ್ಯ ಲಕ್ಷಣ. ಅಷ್ಟು ಚಿಕ್ಕ ಗುಂಪಿನಲ್ಲಿ ಯಾವ ಮಗುವೂ ಹಿಂದೆ ಅಡಗಿ ಕುಳಿತುಕೊಳ್ಳಲಾಗದು. ಪ್ರತಿಯೊಬ್ಬರಿಗೂ ಒಂದು ಕೆಲಸವಿರುತ್ತದೆ, ಆ ಕೆಲಸಕ್ಕೆ ಬೆಲೆಯಿರುತ್ತದೆ.

ಅಧ್ಯಯನಗಳು ತಿಳಿಸುವುದೇನು?

ಶಾಲೆಯ ನಂತರ ನಡೆಯುವ ಮಕ್ಕಳ ಕಾರ್ಯಕ್ರಮಗಳ ಕುರಿತು ಹಲವು ಅಧ್ಯಯನಗಳಾಗಿವೆ. ಅಮೆರಿಕದ ಜೋಸೆಫ್ ಡರ್ಲ್ಯಾಕ್, ರೋಜರ್ ವೈಸ್‌ಬರ್ಗ್ ಮತ್ತು ಅವರ ಸಂಗಡಿಗರು ಇಂತಹ ಹಲವಾರು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಈ ಕಾರ್ಯಕ್ರಮಗಳಲ್ಲಿ ಭಾಗವಹಿಸಿದ ಮಕ್ಕಳಲ್ಲಿ ಆತ್ಮವಿಶ್ವಾಸ, ಶಾಲೆಯ ಮೇಲಿನ ಅಕ್ಕರೆ, ಇತರರೊಡನೆ ಒಳ್ಳೆಯ ನಡವಳಿಕೆ ಹಾಗೂ ಓದಿನ ಫಲಿತಾಂಶ ಇವು ಹೆಚ್ಚಿದ್ದವು. ಹಠ, ಹೊಡೆದಾಟದಂತಹ ತೊಂದರೆಗಳು ತಗ್ಗಿದ್ದವು.

ಆದರೆ ಅವರು ಕಂಡ ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಎಲ್ಲ ಕಾರ್ಯಕ್ರಮಗಳೂ ಫಲ ಕೊಡಲಿಲ್ಲ. ನಾಲ್ಕು ಗುಣಗಳಿದ್ದವು ಮಾತ್ರ ಫಲ ಕೊಟ್ಟವು. ಒಂದು, ಕಲಿಸುವುದು ಮೆಟ್ಟಿಲು ಮೆಟ್ಟಿಲಾಗಿ ಸಾಗಬೇಕು. ಎರಡು, ಮಕ್ಕಳು ಕುಳಿತು ಕೇಳುವುದರ ಬದಲು ತಾವೇ ಮಾಡಬೇಕು. ಮೂರು, ಜನರೊಡನೆ ಬೆರೆಯುವ ಕೌಶಲಗಳಿಗೆಂದೇ ಸ್ವಲ್ಪ ಹೊತ್ತನ್ನು ಮೀಸಲಿಡಬೇಕು. ನಾಲ್ಕು, ಯಾವ ಗುಣವನ್ನು ಬೆಳೆಸಬೇಕೆಂಬುದು ನಡೆಸುವವರಿಗೆ ಸ್ಪಷ್ಟವಾಗಿರಬೇಕು. ಈ ನಾಲ್ಕೂ ಇಲ್ಲದ ಕಡೆ ಮಕ್ಕಳಲ್ಲಿ ಹೇಳಿಕೊಳ್ಳುವಂತಹ ಪ್ರಗತಿ ಕಾಣಲಿಲ್ಲ.

ಸ್ವೀಡನ್ ದೇಶದ ಒಂದು ಅಧ್ಯಯನವು ಇನ್ನೂ ಎಚ್ಚರಿಕೆಯ ಮಾತನ್ನು ಹೇಳುತ್ತದೆ. ಜೋಸೆಫ್ ಮಹೋನಿ ಮತ್ತು ಹೊಕಾನ್ ಸ್ಟಾಟಿನ್ ಎಂಬ ಸಂಶೋಧಕರು 14 ವಯಸ್ಸಿನ ಹುಡುಗ ಹುಡುಗಿಯರ ಬಿಡುವಿನ ಹೊತ್ತನ್ನು ಪರಿಶೀಲಿಸಿ 2000ದಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಹಿರಿಯರ ಮಾರ್ಗದರ್ಶನದಲ್ಲಿ ಕ್ರಮಬದ್ಧವಾಗಿ ನಡೆಯುವ ಚಟುವಟಿಕೆಗಳಲ್ಲಿದ್ದವರಲ್ಲಿ ಸಮಾಜವಿರೋಧಿ ನಡವಳಿಕೆ ಕಡಿಮೆಯಿತ್ತು. ಯಾವ ಕ್ರಮವೂ ಇಲ್ಲದೆ ಸುಮ್ಮನೆ ಸೇರಿ ಹೊತ್ತು ಕಳೆಯುವ ಕೇಂದ್ರಗಳಿಗೆ ಹೋಗುತ್ತಿದ್ದವರಲ್ಲಿ ಅದು ಹೆಚ್ಚಾಗಿತ್ತು. ಒಂದು ಕೊಠಡಿ, ಒಂದು ಕೇರಂ ಬೋರ್ಡು, ಒಂದು ಟಿ.ವಿ. ಒದಗಿಸಿ ಬೀಗದ ಕೈಯನ್ನು ಹುಡುಗರಿಗೆ ಕೊಟ್ಟುಬಿಟ್ಟರೆ ಒಳಿತಿಗಿಂತ ಕೆಡುಕೇ ಆಗಬಹುದೆಂಬುದನ್ನು ಇದರಿಂದ ತಿಳಿಯಬೇಕು. ಮಕ್ಕಳಿಗೆ ಸ್ವಾತಂತ್ರ್ಯವೂ ಬೇಕು, ಅಕ್ಕರೆಯಿಂದ ಗಮನಿಸುವ ಹಿರಿಯರೊಬ್ಬರೂ ಬೇಕು.

ನಮ್ಮ ನಾಡಿನಲ್ಲಿರುವ ಮಾದರಿಗಳು

ಇದು ಹೊರದೇಶದಿಂದ ತರಬೇಕಾದ ಹೊಸ ವಿಚಾರವೇನೂ ಅಲ್ಲ. ‘ಸರಸ್ವತಿ’ ಪತ್ರಿಕೆಯ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿಯೇ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಚಾಮರಾಜಪೇಟೆಯ ಆ ಅಂಗಳವು ಅನೇಕ ತಲೆಮಾರುಗಳ ಮಕ್ಕಳಿಗೆ ಹಾಡು, ನಾಟಕ, ಆಟಗಳ ನೆಲೆಯಾಯಿತು. ದೆಹಲಿಯಲ್ಲಿ 1956ರಲ್ಲಿ ರಾಷ್ಟ್ರೀಯ ಬಾಲ ಭವನವು ಆರಂಭವಾಯಿತು; ನಮ್ಮಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಬಾಲ ಭವನವು ಎಲ್ಲರಿಗೂ ಪರಿಚಿತವಾದುದು. ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯಲ್ಲಿರುವ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರದಲ್ಲಿ ನಾಡಿನ ಮೂಲೆ ಮೂಲೆಯ ಮಕ್ಕಳು ಒಂದೇ ಡೇರೆಯಲ್ಲಿ ಮಲಗಿ ಒಂದೇ ಒಲೆಯ ಅಡುಗೆಯನ್ನು ಉಂಡಿದ್ದಾರೆ.

ಮಠಗಳ ಪ್ರಸಾದನಿಲಯಗಳಲ್ಲಿ ಓದಿದ ಹಿರಿಯರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಬೇರೆ ಊರುಗಳಿಂದ ಬಂದ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಸರದಿಯ ಮೇಲೆ ಕಸ ಗುಡಿಸಿ, ನೀರು ಸೇದಿ, ಕಿರಿಯರಿಗೆ ಲೆಕ್ಕ ಹೇಳಿಕೊಟ್ಟು ಬೆಳೆದ ಆ ಬದುಕಿನಲ್ಲಿ ಪಾಠದಷ್ಟೇ ಸಹಬಾಳ್ವೆಯ ಶಿಕ್ಷಣವೂ ಇದ್ದಿತು. ಮನೆಯಲ್ಲಿದ್ದುಕೊಂಡೇ ಓದುವ ಇಂದಿನ ಮಕ್ಕಳಿಗೆ ಆ ಅನುಭವದ ಒಂದು ಪಾಲನ್ನಾದರೂ ಸಂಜೆಯ ಕೂಟವು ಕೊಡಬಲ್ಲದು.

ಹಳ್ಳಿಗಳಲ್ಲಿ ಇದಕ್ಕೆ ಸಿದ್ಧವಾದ ಒಂದು ನೆಲೆಯೂ ಉಂಟು. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಇತ್ತೀಚಿನ ವರ್ಷಗಳಲ್ಲಿ ‘ಅರಿವು ಕೇಂದ್ರ’ಗಳೆಂದು ಹೊಸದಾಗಿ ರೂಪಿಸಲಾಗಿದೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ 6ರಿಂದ 18 ವಯಸ್ಸಿನ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವನ್ನು ನೀಡಲಾಯಿತು. ಒಂದು ಕೊಠಡಿ, ಪುಸ್ತಕಗಳು, ಮೇಲ್ವಿಚಾರಕರು ಇರುವ ಇಂತಹ ಸ್ಥಳದ ಅಕ್ಕಪಕ್ಕದಲ್ಲಿ ಒಂದಿಷ್ಟು ಬಯಲು ದೊರೆತರೆ ಕೂಟಕ್ಕೆ ಇನ್ನೇನು ಬೇಕು? ಸಮುದಾಯ ಭವನ, ಮಠದ ಪ್ರಾಂಗಣ, ಶಾಲೆಯ ಅಂಗಳ ಇವುಗಳೂ ಆಗಬಹುದು.

ನಮ್ಮೂರಿನಲ್ಲಿ ಆರಂಭಿಸುವ ಬಗೆ

ಸಂಜೆ 4.30ರಿಂದ 6.30ರವರೆಗಿನ ಎರಡು ಗಂಟೆ, ವಾರಕ್ಕೆ ನಾಲ್ಕು ದಿನ ಸಾಕು. ಇಪ್ಪತ್ತು ಇಪ್ಪತ್ತೈದು ಮಕ್ಕಳಿಂದ ಆರಂಭಿಸಬಹುದು. ಅವರನ್ನು ಆರೇಳು ಮಕ್ಕಳ ಚಿಕ್ಕ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನಲ್ಲಿಯೂ ಮೂರನೆಯ ತರಗತಿಯಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳು ಬೆರೆತಿರುವಂತೆ ನೋಡಿಕೊಳ್ಳಬೇಕು. ಒಂದೇ ಓಣಿಯವರು, ಒಂದೇ ಶಾಲೆಯವರು, ಒಂದೇ ಮನೆತನದವರು ಒಂದೇ ಗುಂಪಿನಲ್ಲಿ ಸೇರದಂತೆ ಹಂಚುವುದು ಒಳ್ಳೆಯದು. ತನ್ನವರಲ್ಲದವರೊಡನೆ ಬಾಳುವುದನ್ನು ಕಲಿಯುವುದೇ ಈ ಕೂಟದ ಉದ್ದೇಶವಲ್ಲವೇ?

ಮೊದಲ ಹದಿನೈದು ನಿಮಿಷ ಉಪಾಹಾರ. ಮಧ್ಯಾಹ್ನದ ಊಟವಾಗಿ ಹೊತ್ತು ಕಳೆದಿರುವುದರಿಂದ ಹಸಿದ ಮಗು ಸಿಡುಕುವುದು ಸಹಜ. ಕಡಲೆಯ ಉಸಲಿ, ನೆನೆಸಿದ ಶೇಂಗಾ, ಬಾಳೆಹಣ್ಣು, ರಾಗಿ ಅಂಬಲಿ ಯಾವುದಾದರೂ ಆಗಬಹುದು. ಬಡಿಸುವುದೂ ಪಾತ್ರೆ ತೊಳೆಯುವುದೂ ಮಕ್ಕಳ ಸರದಿಯ ಕೆಲಸವಾಗಿರಲಿ. ಗಂಡುಮಕ್ಕಳಿಗೆ ವಿನಾಯಿತಿ ಬೇಡ. ಅನಂತರ ಒಂದು ಗಂಟೆ ಆಟ. ಬಳಿಕ ಅರ್ಧ ಗಂಟೆ ಕಥೆ ಓದುವುದು, ನಾಟಕ, ಗಿಡಗಳ ಆರೈಕೆ, ಅಳಿಗುಳಿಮಣೆಯಂತಹ ಶಾಂತ ಚಟುವಟಿಕೆ. ಕೊನೆಯ ಹದಿನೈದು ನಿಮಿಷ ಎಲ್ಲರೂ ವೃತ್ತಾಕಾರವಾಗಿ ಕುಳಿತು ಮಾತನಾಡುವ ಹೊತ್ತು: ಇಂದು ಯಾವ ಜಗಳವಾಯಿತು, ಅದು ಹೇಗೆ ಬಗೆಹರಿಯಿತು, ನಾಳೆ ನಿಯಮವನ್ನು ಬದಲಿಸಬೇಕೇ? ಈ ಹದಿನೈದು ನಿಮಿಷಗಳನ್ನು ಎಂದಿಗೂ ಕೈಬಿಡಬಾರದು. ಆಟದಲ್ಲಿ ಆದ ಅನುಭವವು ಮಾತಿನ ಮೂಲಕವೇ ಅರಿವಾಗಿ ಉಳಿಯುತ್ತದೆ.

ಮಕ್ಕಳ ಜಗಳದ ನಡುವೆ ಹಿರಿಯರು ಕೂಡಲೇ ನ್ಯಾಯ ಹೇಳಲು ಹೋಗಬಾರದು. ಹೊಡೆದಾಟ, ಅವಮಾನ, ಹಲವರು ಸೇರಿ ಒಬ್ಬರನ್ನು ಕಾಡುವುದು ಇವುಗಳನ್ನು ತತ್‌ಕ್ಷಣ ತಡೆಯಬೇಕು. ಉಳಿದುದನ್ನು ಮಕ್ಕಳೇ ಮಾತನಾಡಿ ತೀರಿಸಿಕೊಳ್ಳಲು ಬಿಡಬೇಕು. ಯಾವ ಮಗುವನ್ನೂ ಯಾರೂ ತಂಡಕ್ಕೆ ಕರೆದುಕೊಳ್ಳದೆ ಕೊನೆಗೆ ಉಳಿಸುವಂತಹ ಪದ್ಧತಿ ಬೇಡ. ಚೀಟಿ ಎತ್ತಿ ತಂಡಗಳನ್ನು ಮಾಡಿದರೆ ಆ ನೋವು ತಪ್ಪುತ್ತದೆ. ಅಂಗವೈಕಲ್ಯವುಳ್ಳ ಮಗುವಿದ್ದರೆ ಆಟದ ನಿಯಮವನ್ನೇ ಸ್ವಲ್ಪ ಬದಲಿಸುವುದು ಹೇಗೆಂದು ಮಕ್ಕಳನ್ನೇ ಕೇಳಬೇಕು. ಅವರು ಹುಡುಕುವ ಉಪಾಯವು ಅನೇಕ ವೇಳೆ ನಮ್ಮದಕ್ಕಿಂತ ಚೆನ್ನಾಗಿರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹನ್ನೊಂದು ಹನ್ನೆರಡರ ವಯಸ್ಸು ದಾಟಿದೊಡನೆ ಅವರು ಆಟದ ಅಂಗಳದಿಂದ ಒಬ್ಬೊಬ್ಬರಾಗಿ ಮರೆಯಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಶುಚಿಯಾದ ಶೌಚಾಲಯ, ಒಬ್ಬರು ಮಹಿಳಾ ಮಾರ್ಗದರ್ಶಕರು, ಕತ್ತಲಾಗುವ ಮೊದಲೇ ಮುಗಿಯುವ ವೇಳೆ, ಒಂದೇ ದಾರಿಯ ಮಕ್ಕಳು ಕೂಡಿ ಮನೆಗೆ ಹೋಗುವ ಏರ್ಪಾಡು ಈ ನಾಲ್ಕಿದ್ದರೆ ತಾಯಂದಿರು ಧೈರ್ಯದಿಂದ ಕಳುಹಿಸಬಲ್ಲರು.

ಮಕ್ಕಳ ಸುರಕ್ಷತೆಯಲ್ಲಿ ದಾಕ್ಷಿಣ್ಯಕ್ಕೆ ಎಡೆಯಿರಕೂಡದು. ಯಾವ ಹೊತ್ತಿನಲ್ಲಿಯೂ ಇಬ್ಬರು ವಯಸ್ಕರಾದರೂ ಇರಬೇಕು. ಯಾರೇ ಆಗಲಿ, ಎಷ್ಟೇ ಗೌರವಸ್ಥರಾಗಲಿ, ಮಗುವೊಂದರೊಡನೆ ಮುಚ್ಚಿದ ಕೊಠಡಿಯಲ್ಲಿ ಒಬ್ಬರೇ ಇರಕೂಡದು. ಬಂದ ಹಾಗೂ ಹೋದ ವೇಳೆಗೆ ಹಾಜರಿ ಪುಸ್ತಕವಿರಲಿ. ಬೆತ್ತ, ಬೈಗುಳಗಳು ಸಂಪೂರ್ಣ ನಿಷಿದ್ಧ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ 2012ರ ಪೋಕ್ಸೋ ಕಾಯಿದೆಯ ಅರಿವು ಕೂಟ ನಡೆಸುವವರಿಗಿರಬೇಕು. ಮಕ್ಕಳ ಸಹಾಯವಾಣಿ 1098 ಪ್ರತಿಯೊಂದು ಮಗುವಿಗೂ ಬಾಯಿಪಾಠವಾಗಿರಬೇಕು.

ಅಂಕಗಳ ಚಿಂತೆ

ಇಷ್ಟಾದರೂ ಪೋಷಕರ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ: ಓದಿನ ಗತಿಯೇನು? ಆ ಅಳುಕು ಸುಳ್ಳಲ್ಲ. ಬಡ ಕುಟುಂಬದ ಮಗುವಿಗೆ ಅಂಕವೇ ಮುಂದಿನ ದಾರಿ. ಆದರೆ ಮೇಲೆ ಹೇಳಿದ ಅಧ್ಯಯನದಲ್ಲಿ ಓದಿನ ಫಲಿತಾಂಶವೂ ಉತ್ತಮಗೊಂಡದ್ದನ್ನು ಗಮನಿಸಬೇಕು. ಬೆವರು ಸುರಿಸಿ ಆಡಿದ ಮಗುವಿಗೆ ಹಸಿವೂ ನಿದ್ದೆಯೂ ಚೆನ್ನಾಗಿ ಬರುತ್ತವೆ. ಶಾಲೆಯನ್ನು ಪ್ರೀತಿಸುವ ಮಗುವು ಪುಸ್ತಕವನ್ನು ತಾನಾಗಿ ಹಿಡಿಯುತ್ತದೆ. ಹೋಂವರ್ಕಿಗೆ ಏಳು ಗಂಟೆಯ ನಂತರ ಹೊತ್ತು ಇದ್ದೇ ಇದೆ. ಹತ್ತನೆಯ ತರಗತಿಯ ಪರೀಕ್ಷೆಯ ದಿನಗಳಲ್ಲಿ ಎರಡು ಗಂಟೆಯನ್ನು ಮುಕ್ಕಾಲು ಗಂಟೆಗೆ ಇಳಿಸಬಹುದು. ಪೂರ್ತಿ ನಿಲ್ಲಿಸುವುದು ಬೇಡ. ಭಯ ಹೆಚ್ಚಿರುವ ಆ ದಿನಗಳಲ್ಲಿಯೇ ಗೆಳೆಯರ ಸಂಗ ಹೆಚ್ಚು ಬೇಕಾಗುತ್ತದೆ. ಕೂಟವನ್ನೇ ಮತ್ತೊಂದು ಟ್ಯೂಷನ್ ಆಗಿ ಮಾಡಿಬಿಡುವ ಒತ್ತಾಯಕ್ಕೆ ಮಾತ್ರ ನಡೆಸುವವರು ಮಣಿಯಬಾರದು.

ಕೂಟದಿಂದ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಹಲವು ವಾರಗಳಾದರೂ ಯಾರೊಡನೆಯೂ ಬೆರೆಯದ, ಆಟದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಕಳೆದುಕೊಂಡ, ನಿದ್ದೆ ಊಟ ಬಿಟ್ಟ, ತನ್ನನ್ನು ತಾನೇ ನೋಯಿಸಿಕೊಳ್ಳುವ ಮಗುವಿಗೆ ವೈದ್ಯರ ನೆರವು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಇಂತಹ ಮಗುವನ್ನು ಬೇಗ ಗುರುತಿಸುವುದಕ್ಕೂ ಕೂಟವು ಒಂದು ಕಣ್ಣಾಗುತ್ತದೆ; ಮನೆಯಲ್ಲಿ ಒಂಟಿಯಾಗಿರುವ ಮಗುವಿನ ಬದಲಾವಣೆಯನ್ನು ನೋಡುವವರು ಯಾರು?

ಬಿಡುವು, ವಿನೋದ ಮತ್ತು ಆಟ ಮಕ್ಕಳ ಹಕ್ಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಸಾರುತ್ತದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಯಿತ್ತಿದೆ. ಆ ಹಕ್ಕನ್ನು ಮಕ್ಕಳ ಕೈಗೆ ಮುಟ್ಟಿಸಲು ದೊಡ್ಡ ಕಟ್ಟಡವಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ನಿವೃತ್ತರಾದ ಒಬ್ಬ ಶಿಕ್ಷಕರು, ಕಾಲೇಜಿನಲ್ಲಿ ಓದುವ ಇಬ್ಬರು ತರುಣ ತರುಣಿಯರು, ಸರದಿಯಂತೆ ಉಪಾಹಾರದ ಹೊಣೆ ಹೊರುವ ಹತ್ತು ಮನೆಗಳು, ಒಂದು ಬಯಲು ಇಷ್ಟಿದ್ದರೆ ಸಾಕು. ಶುಲ್ಕವಿಲ್ಲದಿರಲಿ, ಶುಲ್ಕವಿಟ್ಟೊಡನೆ ಯಾವ ಮಗುವಿಗೆ ಕೂಟ ಹೆಚ್ಚು ಬೇಕೋ ಆ ಮಗುವೇ ಹೊರಗುಳಿಯುತ್ತದೆ. ಸದ್ಭಕ್ತರು ತಮ್ಮ ತಮ್ಮ ಊರುಗಳಲ್ಲಿ ನಾಲ್ಕು ಮಂದಿ ಹಿರಿಯರನ್ನೂ ತಾಯಂದಿರನ್ನೂ ಸೇರಿಸಿ ಈ ತಿಂಗಳಲ್ಲಿಯೇ ಮಾತನಾಡಬೇಕೆಂದು ನಮ್ಮ ಕೋರಿಕೆ. ಕೂಟದ ವೇಳೆಯನ್ನೂ ಆಟಗಳನ್ನೂ ಗೊತ್ತುಮಾಡುವಾಗ ಮಕ್ಕಳನ್ನು ಕೇಳುವುದನ್ನು ಮರೆಯದಿರಿ. ತಾವೇ ಕೂಡಿ ಮಾಡಿಕೊಂಡ ನಿಯಮವನ್ನು ಅವರು ನಮಗಿಂತ ಚೆನ್ನಾಗಿ ಕಾಪಾಡುತ್ತಾರೆ.